ಅಪ್‌ಡೇಟ್: ರ‍್ಯಾಕ್‌ಗೆ ಎರಡನೇ ದಾರಿ ಸಿಕ್ಕಿತು

ಮೇನ್ ಲಿಂಕ್ ಕೈಕೊಟ್ಟರೂ ದೂರದಿಂದ ನಮ್ಮ ರ‍್ಯಾಕ್ (ಸರ್ವರ್‌ಗಳನ್ನು ಜೋಡಿಸಿಟ್ಟ ಕಪಾಟು) ತಲುಪೋದು ಹೇಗೆ ಅಂತ ಹೋದ ತಿಂಗಳು ಕೇಳಿದ್ದೆ, ನೆನಪಿದೆಯಾ? ನಾನಿರುವುದು ಹುಬ್ಬಳ್ಳಿ ವಿದ್ಯಾನಗರದಲ್ಲಿ, ನಮ್ಮ ಸರ್ವರ್‌ಗಳು ಬೆಂಗಳೂರಿನ ಡೇಟಾ ಸೆಂಟರಿನಲ್ಲಿ. ಫೈರ್‌ವಾಲ್‌ನಲ್ಲಿ (ಯಾರನ್ನು ಒಳಗೆ ಬಿಡಬೇಕು ಅಂತ ನೋಡೋ ಕಾವಲು ಸಾಧನ) ಒಂದು ರೂಲ್ ತಪ್ಪು ಹಾಕಿ ನಾನೇ ಹೊರಗೆ ಉಳಿದೆ. ರಾತ್ರಿ ಬಸ್ ಹತ್ತಿ 400 ಕಿಲೋಮೀಟರ್ ಹೋಗಿ, ಐದು ನಿಮಿಷದ ಕೆಲಸ ಮುಗಿಸಿ ಬಂದೆ.

ನೀವು ಹೇಳಿದಂತೆ 4ಜಿ ರೂಟರ್ ಇಟ್ಟೆ. ಅದರ ಯುಎಸ್‌ಬಿಯಿಂದ ಫೈರ್‌ವಾಲ್‌ನ ಕನ್ಸೋಲ್ ಪೋರ್ಟ್‌ಗೆ (ನೆಟ್‌ವರ್ಕ್ ಇಲ್ಲದಿದ್ದರೂ ಲಾಗಿನ್ ಆಗೋ ಕಿಂಡಿ) ಸೀರಿಯಲ್ ಕೇಬಲ್. ಸರ್ವರ್‌ಗಳ ಐಪಿಎಂಐ ಪೋರ್ಟ್‌ಗಳೂ (ಸರ್ವರ್ ಹ್ಯಾಂಗ್ ಆದರೂ ದೂರದಿಂದ ನಿಭಾಯಿಸೋ ದಾರಿ) ಈ ರೂಟರ್ ಹಿಂದೆಯೇ ಇವೆ, ನೇರವಾಗಿ ಇಂಟರ್ನೆಟ್‌ಗೆ ತೆರೆದಿಲ್ಲ.

ಮೊದಲ ದಿನ ಪೂರ್ತಿ ಹಾಳು. ಸುಮ್ನೆ ಸಿಮ್‌ನ ಐಪಿಗೆ ಎಸ್‌ಎಸ್‌ಎಚ್ (ದೂರದಿಂದ ಲಾಗಿನ್) ಮಾಡುತ್ತಾ ಕೂತಿದ್ದೆ. ಆ ಐಪಿ 100.64ರಿಂದ ಶುರುವಾಗುತ್ತೆ ಅಂತ ಗಮನಿಸಿದ ಮೇಲೆ ಹೊಳೆಯಿತು, ಇದು ಸಿಜಿನ್ಯಾಟ್, ಅಂದ್ರೆ ಮೊಬೈಲ್ ಕಂಪನಿ ಒಂದೇ ಪಬ್ಲಿಕ್ ಐಪಿಯನ್ನು ಹಲವರಿಗೆ ಹಂಚೋ ವ್ಯವಸ್ಥೆ! ಹೊರಗಿನಿಂದ ಎಷ್ಟು ಬಾಗಿಲು ತಟ್ಟಿದರೂ ಒಳಗೆ ಕೇಳಿಸುವುದೇ ಇಲ್ಲ. ಕೊನೆಗೆ ರೂಟರ್‌ನಿಂದಲೇ ಒಂದು ವಿಪಿಎಸ್‌ಗೆ (ಬಾಡಿಗೆಯ ವರ್ಚುವಲ್ ಸರ್ವರ್) ವೈರ್‌ಗಾರ್ಡ್ ಟನಲ್ (ವಿಪಿಎನ್ ದಾರಿ) ಹಾಕಿದೆ, ದಾರಿ ಮುಚ್ಚದಂತೆ ಕೀಪ್‌ಅಲೈವ್ 25 ಸೆಕೆಂಡಿಗೊಮ್ಮೆ. ವಿಪಿಎಸ್ ಬೇರೆ ಕಡೆ ಇದೆ. ನಮ್ಮದೇ ರ‍್ಯಾಕ್‌ನಲ್ಲಿ ಇಟ್ಟರೆ ಮನೆ ಬೀಗದ ಕೈ ಮನೆಯೊಳಗೇ ಇಟ್ಟ ಹಾಗೆ, ಅಲ್ವಾ?

ಕನ್ಸೋಲ್‌ನಲ್ಲಿ ಮೊದಲು ಬರೀ ಕಸದಂಥ ಅಕ್ಷರ ಬಂತು. ವೇಗ 9600 ಇಟ್ಟಿದ್ದೆ, ಬೇಕಿದ್ದದ್ದು 115200. ರ‍್ಯಾಕ್ ಬಾಗಿಲು ಹಾಕಿದರೆ ಸಿಗ್ನಲ್ ಬೀಳುತ್ತಿತ್ತು. ಅಲ್ಲಿನವರ ಒಪ್ಪಿಗೆ ಕೇಳಿ ಆಂಟೆನಾ ಹೊರಗೆ ಅಂಟಿಸಿದೆವು.

ಭಾನುವಾರ ಸಂಜೆ ಮೇನ್ ಲಿಂಕ್ ಬೇಕಂತಲೇ ಬಂದ್ ಮಾಡಿ ನೋಡಿದೆ. ಒಂದು ಕೈಯಲ್ಲಿ ಗಿರ್ಮಿಟ್ಟು, ಎದುರಿಗೆ ಫೈರ್‌ವಾಲ್‌ನ ಲಾಗಿನ್ ಪ್ರಾಂಪ್ಟ್! ಸಿಮ್ ರೀಚಾರ್ಜ್ ಮಾತ್ರ ಮರೆಯಬಾರದು, ಅದಕ್ಕೆ ಫೋನ್‌ನಲ್ಲಿ ಅಲಾರಂ ಇಟ್ಟಿದ್ದೇನೆ. ಫೈರ್‌ವಾಲ್ ಪೂರ್ತಿ ಹ್ಯಾಂಗ್ ಆದರೆ ದೂರದಿಂದ ಕರೆಂಟ್ ತೆಗೆದು ಹಾಕೋ ಪಿಡಿಯು ಬೇಕು. ಅದಕ್ಕೆ ಸಾಹೇಬರು ಇನ್ನೂ ದುಡ್ಡು ಬಿಚ್ಚಿಲ್ಲ.