ಇಮ್ಯುನೊಸಪ್ರೆಸೆಂಟ್: ಕುಗ್ಗಿಸುವುದೋ, ಅದುಮುವುದೋ?

ಗೆಳೆಯರೇ, ಒಂದು ಪದ ಎರಡು ದಿನದಿಂದ ತಲೆ ತಿನ್ನುತ್ತಿದೆ. ಅಂಗ ಕಸಿ ಮಾಡಿಸಿಕೊಂಡವರಿಗಾಗಿ ಒಂದು ಸಣ್ಣ ಕೈಪಿಡಿಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ಇಮ್ಯುನೊಸಪ್ರೆಸೆಂಟ್ ಅನ್ನೋದು ಅದರಲ್ಲಿ ಪುಟಕ್ಕೆ ನಾಲ್ಕು ಸಲ ಬರುತ್ತದೆ. ಮೈಯ ತಡೆಬಲ (ಅಂದರೆ ರೋಗನಿರೋಧಕ ಶಕ್ತಿ) ಹೊಸ ಅಂಗದ ಮೇಲೆ ಬೀಳದ ಹಾಗೆ ಅದನ್ನು ತಡೆದಿಡುವ ಮದ್ದು ಅದು. ಮೊದಲು ‘ಪ್ರತಿರಕ್ಷಾ ದಮನಕ’ ಅಂತ ಹಾಕಿದೆ, ಓದಿದರೆ ಸರ್ಕಾರಿ ಸುತ್ತೋಲೆ ಇದ್ದ ಹಾಗಿತ್ತು. ಆಮೇಲೆ ಜಾಗ ಉಳಿಸೋಕೆ ಸುಮ್ನೆ ‘ರೋಗನಿರೋಧಕ ಔಷಧ’ ಅಂದೆ. ಕರಡು ಓದಿದ ಪರಿಚಯದವರೊಬ್ಬರು “ಓ, ಶಕ್ತಿ ಬರೋ ಮಾತ್ರೆನಾ?” ಅಂದರು. ಪೂರ್ತಿ ಉಲ್ಟಾ!

ಈಗ ಮುಂದಿರುವುದು ಕುಗ್ಗಿಸು, ತಗ್ಗಿಸು, ಹತ್ತಿಕ್ಕು, ಅದುಮು. ಬರವಣಿಗೆಯಲ್ಲಿ ನಾನು ಜಾಸ್ತಿ ಕಂಡಿರುವುದು ‘ಕುಗ್ಗಿಸು’. ಆದರೆ ಅದನ್ನು ಓದಿದರೆ ಶಕ್ತಿ ಅನ್ನೋದು ಕೊಡದಲ್ಲಿರುವ ನೀರು, ಮಾತ್ರೆ ನುಂಗಿದರೆ ಮಟ್ಟ ಇಳಿಯುತ್ತದೆ ಅನ್ನಿಸುತ್ತದೆ, ಅಲ್ವಾ? ಒಳಗೆ ನಡೆಯುವುದೇ ಬೇರೆ.

ಇಂಥ ಮದ್ದುಗಳಲ್ಲಿ ಒಂದಾದ ಟ್ಯಾಕ್ರೊಲಿಮಸ್ ತಗೊಳ್ಳಿ. ಟಿ ಕೋಶಕ್ಕೆ (ತಡೆಬಲದ ಒಂದು ಬಗೆಯ ಬಿಳಿ ರಕ್ತಕಣ) ಹೊರಗಿನ ಗುರುತು ಕಂಡರೆ ಅದರೊಳಗೆ ಕ್ಯಾಲ್ಸಿಯಂ ಏರುತ್ತದೆ, ಕ್ಯಾಲ್ಸಿನ್ಯೂರಿನ್ ಎಂಬ ಕಿಣ್ವ ಎಚ್ಚರಗೊಳ್ಳುತ್ತದೆ, ಅದು ಎನ್‌ಫ್ಯಾಟ್ ಎಂಬ ಪ್ರೋಟೀನಿಗೆ ಅಂಟಿದ ಫಾಸ್ಫೇಟನ್ನು ಕಿತ್ತು ಕೋಶಕೇಂದ್ರದೊಳಕ್ಕೆ ಬಿಡುತ್ತದೆ, ಆಗ ಇಂಟರ್‌ಲ್ಯೂಕಿನ್-2 ತಯಾರಾಗುತ್ತದೆ. ಅದೇ ಉಳಿದವರನ್ನು ಎಬ್ಬಿಸುವ ಕೂಗು. ಟ್ಯಾಕ್ರೊಲಿಮಸ್, ಸೈಕ್ಲೋಸ್ಪೊರಿನ್ ಎರಡೂ ತಡೆಯುವುದು ಈ ಕ್ಯಾಲ್ಸಿನ್ಯೂರಿನನ್ನು. ಕೋಶ ಸತ್ತಿಲ್ಲ, ಸಣ್ಣಗಾಗಿಲ್ಲ, ಕಣ್ಣಿಗೆ ಎಲ್ಲ ಕಾಣುತ್ತದೆ. ಬಾಯಿ ಕಟ್ಟಿದೆ ಅಷ್ಟೇ.

ಸಿರೊಲಿಮಸ್ ಎಂಬ ಇನ್ನೊಂದು ಮದ್ದು ಹಾಗಲ್ಲ. ಅದರಲ್ಲಿ ಕೂಗು ಕೇಳಿಸುತ್ತದೆ, ಆದರೆ ಎಂಟಾರ್ ಎಂಬ ಕಿಣ್ವ ಕೆಲಸ ನಿಲ್ಲಿಸಿರುವುದರಿಂದ ಕೋಶ ಒಂದು ಎರಡಾಗುವುದಿಲ್ಲ. (ಟ್ಯಾಕ್ರೊಲಿಮಸ್, ಸಿರೊಲಿಮಸ್ ಹೆಸರೂ ಪ್ರಾಸ, ಇಬ್ಬರೂ ಮೊದಲು ಹೋಗಿ ಕೈ ಹಿಡಿಯುವುದು ಒಂದೇ ಪ್ರೋಟೀನನ್ನು, ಮಾಡುವ ಕೆಲಸ ಮಾತ್ರ ಬೇರೆ. ಅನುವಾದಕರಿಗೆ ಇದಕ್ಕಿಂತ ಕಾಟ ಬೇಕಾ?) ಮೈಕೊಫೆನೊಲೇಟ್ ಎಂಬ ಮದ್ದು ಇನ್ನೊಂದು ದಾರಿ ಹಿಡಿಯುತ್ತದೆ, ಡಿಎನ್‌ಎ ಕಟ್ಟಲು ಬೇಕಾದ ಗ್ವಾನಿನ್ ಸಾಮಗ್ರಿಯ ಹೊಸ ತಯಾರಿಯನ್ನೇ ನಿಲ್ಲಿಸುತ್ತದೆ. ಬೇರೆ ಕೋಶಗಳು ಹಳೆಯದನ್ನೇ ಮತ್ತೆ ಬಳಸಿ ಹೇಗೋ ಸುಧಾರಿಸಿಕೊಳ್ಳುತ್ತವೆ, ಟಿ ಕೋಶಗಳಿಗೆ, ಹಾಗೇ ತಡೆಬಲದ ಇನ್ನೊಂದು ಬಗೆಯಾದ ಬಿ ಕೋಶಗಳಿಗೆ ಅದು ಸಾಕಾಗುವುದಿಲ್ಲ.

‘ಕುಗ್ಗಿಸು’ ಪೂರಾ ಕೈಕೊಡುವುದು ಪ್ರೆಡ್ನಿಸೊಲೋನ್ ಹತ್ತಿರ. ಈ ಸ್ಟೀರಾಯ್ಡ್ ಶುರು ಮಾಡಿದ ಮೇಲೆ ರಕ್ತ ಪರೀಕ್ಷೆ ಮಾಡಿಸಿದರೆ ಬಿಳಿ ರಕ್ತಕಣಗಳ ಲೆಕ್ಕ ಎಷ್ಟೋ ಸಲ ಏರಿರುತ್ತದೆ. ರಕ್ತನಾಳದ ಗೋಡೆಗೆ ಅಂಟಿಕೊಂಡಿದ್ದ, ಬಿಳಿಕಣಗಳಲ್ಲೇ ಒಂದು ಬಗೆಯಾದ ನ್ಯೂಟ್ರೊಫಿಲ್‌ಗಳು ಕಳಚಿಕೊಂಡು ಹರಿವಿಗೆ ಬರುವುದು ಇದಕ್ಕೆ ಒಂದು ಮುಖ್ಯ ಕಾರಣ. ಲೆಕ್ಕ ಜಾಸ್ತಿ, ಆದರೆ ಸೋಂಕಿದ್ದ ಕಡೆ ಹೋಗಿ ಸೇರುವವರು ಕಡಿಮೆ. ‘ಕುಗ್ಗಿಸುವ ಮದ್ದು’ ಅಂತ ಓದಿ ಈ ವರದಿ ನೋಡಿದವರು ಏನು ಅಂದುಕೊಳ್ಳಬೇಕು?

‘ಹತ್ತಿಕ್ಕು’ ಅಂದರೆ ದಂಗೆ ನೆನಪಾಗುತ್ತದೆ, ಮೈಯೇ ಶತ್ರು ಅನ್ನೋ ಹಾಗೆ. ನನ್ನ ಮನಸ್ಸು ‘ಅದುಮು’ ಕಡೆಗಿದೆ. ಅದುಮಿ ಹಿಡಿದದ್ದು ಕೈ ತೆಗೆದರೆ ಮೇಲೇಳುತ್ತದೆ. ಕಸಿಯಾದವರು ‘ಚೆನ್ನಾಗಿದ್ದೀನಲ್ಲ’ ಅಂತ ಮಾತ್ರೆ ಬಿಟ್ಟರೆ ಆಗುವುದೂ ಅದೇ, ಟಿ ಕೋಶಗಳು ಎದ್ದು ಹೊಸ ಅಂಗದ ಮೇಲೆ ಬೀಳುತ್ತವೆ. ಪದದಲ್ಲೇ ಎಚ್ಚರಿಕೆ ಇದ್ದ ಹಾಗಾಯಿತು.

ತೊಡಕು ಇನ್ನೊಂದು ಮದ್ದಾದ ರಿಟುಕ್ಸಿಮ್ಯಾಬ್‌ನದು. ಅದು ಅದುಮುವುದಿಲ್ಲ, ಸಿಡಿ20 ಗುರುತಿರುವ ಬಿ ಕೋಶಗಳನ್ನು ಸಾಯಿಸಿಯೇ ಬಿಡುತ್ತದೆ. ಅಲ್ಲಿ ಮಾತ್ರ ‘ಬಿ ಕೋಶ ಅಳಿಸುವ ಮದ್ದು’ ಅನ್ನಲೇ? ಇನ್ನೊಂದು, ‘ತಡೆಬಲ ಅದುಮುವ ಮದ್ದು’ ಅಂದಾಗ ನಿಮ್ಮಲ್ಲಿ ಯಾರಿಗಾದರೂ ಕೈಕಾಲು ಒತ್ತುವುದು ನೆನಪಾಗುತ್ತದಾ? ಹಾಗಿದ್ದರೆ ಈಗಲೇ ಹೇಳಿಬಿಡಿ, ಕರಡು ಇನ್ನೂ ನನ್ನ ಹತ್ತಿರವೇ ಇದೆ.