ಹೈಪರಿಕಂ: ಕ್ಯೂ ತಗೋಬೇಕಾ, 30 ತಗೋಬೇಕಾ?

ಪ್ರಶ್ನೆ: ಮನಸ್ಸಿನ ಏರಿಳಿತಕ್ಕೆ ಹೋಮಿಯೋಪತಿ ಅಂಗಡಿಯಲ್ಲಿ ಹೈಪರಿಕಂ (ಸೇಂಟ್ ಜಾನ್ಸ್ ವರ್ಟ್ ಗಿಡದ ಔಷಧಿ) ಕೊಡ್ತಾರೆ. ಮದರ್ ಟಿಂಕ್ಚರ್ (ಕ್ಯೂ) ಒಳ್ಳೇದಾ, 30ನೇ ಪೊಟೆನ್ಸಿಯಾ? ಎಸ್ಸಿಟಾಲೊಪ್ರಾಮ್ (ಖಿನ್ನತೆ, ಆತಂಕಕ್ಕೆ ಕೊಡೋ ಮಾತ್ರೆ) 10 ಮಿ.ಗ್ರಾಂ. ನಡೀತಿದೆ.

ಉತ್ತರ 1: ಗಿಡ ಒಂದೇ, ಯುರೋಪಿನ ಹಳದಿ ಹೂವಿನದು. ಸೀಸೆಯೊಳಗಿನದು ಬೇರೆ ಬೇರೆ. 30 ಅಂದ್ರೆ 1:100 ಅನುಪಾತದಲ್ಲಿ ಮೂವತ್ತು ಸಲ ತೆಳು ಮಾಡಿದ್ದು; ಗಿಡದ ಒಂದು ಅಣುವೂ ಉಳಿದಿರಲ್ಲ. ಕ್ಯೂ ಮಾತ್ರ ಆಲ್ಕೋಹಾಲಿನಲ್ಲಿ ಇಳಿಸಿದ ನಿಜವಾದ ಸಾರ. ಎಸ್ಸಿಟಾಲೊಪ್ರಾಮ್ ಜೊತೆ ಅದು ಬೇಡವೇ ಬೇಡ: ಮಿದುಳಿನ ರಾಸಾಯನಿಕ ಸೆರೊಟೋನಿನ್ ಅತಿಯಾಗಿ ನಡುಕ, ಬೆವರು, ಜ್ವರ, ಗಾಬರಿ ಶುರುವಾಗಬಹುದು. ಹಾಗಂತ ಮಾತ್ರೆಯನ್ನು ತಟ್ಟನೆ ಬಿಡಲೂಬೇಡಿ.

ಉತ್ತರ 2: ಅಧ್ಯಯನಗಳಲ್ಲಿ ಹೆಚ್ಚಾಗಿ ಬಳಸಿದ್ದು ಈ ಗಿಡದ 300 ಮಿ.ಗ್ರಾಂ. ಒಣ ಸಾರ, ದಿನಕ್ಕೆ ಮೂರು ಸಲ, ಅದೂ ಸೌಮ್ಯದಿಂದ ಮಧ್ಯಮ ಖಿನ್ನತೆಗೆ. ಹನಿ ಲೆಕ್ಕದ ಕ್ಯೂ ಇದಕ್ಕೆ ಸಮ ಅಲ್ಲ. ಏರಿಳಿತ ಬೈಪೋಲಾರ್‌ನದಾದರೆ (ಖಿನ್ನತೆ, ಉನ್ಮಾದ ಎರಡೂ ಬಂದುಹೋಗೋ ಕಾಯಿಲೆ) ಈ ಗಿಡವೇ ಉನ್ಮಾದ ಕೆರಳಿಸಬಹುದು. ಮೊದಲು ರೋಗ ಯಾವುದು ಅಂತ ಗೊತ್ತಾಗಲಿ. ಥೈರಾಯ್ಡ್ ಕೂಡ ನೋಡಿಸಿ.

ಉತ್ತರ 3: ಗರ್ಭನಿರೋಧಕ ಮಾತ್ರೆ, ವಾರ್ಫರಿನ್ (ರಕ್ತ ಹೆಪ್ಪುಗಟ್ಟದಂತೆ ತಡೆಯೋದು), ಸೈಕ್ಲೋಸ್ಪೋರಿನ್ (ರೋಗನಿರೋಧಕ ಶಕ್ತಿ ತಗ್ಗಿಸೋದು) ತಗೊಳ್ಳೋರೂ ಎಚ್ಚರ. ಹೈಪರಿಕಂ ಪಿತ್ತಜನಕಾಂಗದ ಕಿಣ್ವಗಳನ್ನು ಚುರುಕಾಗಿಸಿ ಇವುಗಳ ಮಟ್ಟ ಇಳಿಸುತ್ತೆ. ನಿಲ್ಲಿಸಿದ ಮೇಲೂ ಸುಮಾರು ಎರಡು ವಾರ ಆ ಪರಿಣಾಮ ಇರುತ್ತೆ. 'ಗಿಡಮೂಲಿಕೆ ತಾನೇ' ಅಂತ ವೈದ್ಯರಿಗೆ ಹೇಳದೇ ಬಿಡೋದೇ ಇಲ್ಲಿ ದೊಡ್ಡ ತಲೆನೋವು.