ಟಿವಿಯನ್ನೇ ಮಾನಿಟರ್ ಮಾಡಿಕೊಳ್ಳುವ ಬಗ್ಗೆ ಅತ್ತಿಗೆಗೆ

ಅತ್ತಿಗೆ, ನಿಮ್ಮ ಮೆಸೇಜ್ ಈಗ ನೋಡಿದೆ. ಟೈಪ್ ಮಾಡುತ್ತಾ ಕೂತರೆ ಮುಗಿಯುವುದಿಲ್ಲ, ಅದಕ್ಕೇ ಮಾತಿನಲ್ಲೇ ಹೇಳುತ್ತಿದ್ದೇನೆ. ಸ್ವಲ್ಪ ಉದ್ದ ಆಗುತ್ತದೆ. ಪುಟ್ಟಿಯ ಲ್ಯಾಪ್‌ಟಾಪ್ ಸ್ಕ್ರೀನ್ ಒಡೆದಿದೆ, ಮಹಡಿ ರೂಮಿನಲ್ಲಿ ಹಳೆಯ 32 ಇಂಚಿನ ಟಿವಿ ಸುಮ್ನೆ ಇದೆ, ಅದರಲ್ಲೇ ಅವಳ ಕೋಡಿಂಗ್ ಕ್ಲಾಸ್ ನಡೆಯುತ್ತದಾ, ಇಲ್ಲ ಹೊಸ ಮಾನಿಟರ್ ತರಬೇಕಾ ಅಂತ ಕೇಳಿದ್ದೀರಿ.

ಇವತ್ತೇ ಹಾಕಿ ನೋಡಿ, ಖಂಡಿತ ನಡೆಯುತ್ತದೆ. ಆದರೆ ವರ್ಷಗಟ್ಟಲೆ ಅದರಲ್ಲೇ ಕೂತು ಓದಲಿ ಅಂತ ಮಾತ್ರ ಬಿಡಬೇಡಿ. ಯಾಕೆ ಅಂತ ಹೇಳುತ್ತೇನೆ.

ನಾವೆಲ್ಲ ಟಿವಿ ಅಂದರೆ ಇಂಚು ನೋಡುತ್ತೇವೆ. ಅಕ್ಷರ ಓದುವುದಕ್ಕೆ ಬೇಕಾಗಿರುವುದು ಪರದೆಯಲ್ಲಿ ಚಿತ್ರ ಮೂಡಿಸುವ ಚುಕ್ಕಿಗಳ, ಅಂದರೆ ಪಿಕ್ಸೆಲ್‌ಗಳ ಲೆಕ್ಕ. ಆ ಹಳೆಯ ಟಿವಿ ಮೇಲೆ ಎಚ್‌ಡಿ ರೆಡಿ ಅಂತ ಸ್ಟಿಕ್ಕರ್ ಇದ್ದರೆ ಅದರಲ್ಲಿರುವುದು 1366×768, ಅಂದರೆ ಸುಮಾರು ಹತ್ತೂವರೆ ಲಕ್ಷ ಚುಕ್ಕಿ. 24 ಇಂಚಿನ ಸಾದಾ ಫುಲ್ ಎಚ್‌ಡಿ ಮಾನಿಟರ್‌ನಲ್ಲಿ ಇಪ್ಪತ್ತು ಲಕ್ಷಕ್ಕೂ ಜಾಸ್ತಿ. ಎಷ್ಟು ಚುಕ್ಕಿ ಇಟ್ಟರೆ ಅಷ್ಟು ರಂಗೋಲಿ ಅಲ್ವಾ, ಕಡಿಮೆ ಚುಕ್ಕಿಯನ್ನು ದೊಡ್ಡ ಅಂಗಳಕ್ಕೆ ಹರಡಿದರೆ ಗೆರೆ ಒರಟಾಗಿಯೇ ಬರುತ್ತದೆ. ಒಂದು ಇಂಚಿಗೆ ಆ ಟಿವಿಯಲ್ಲಿ 49 ಚುಕ್ಕಿ ಬರುತ್ತದೆ, ಮಾನಿಟರ್‌ನಲ್ಲಿ 92. ಮಂಚದ ಮೇಲೆ ಕೂತು ಸಿನಿಮಾ ನೋಡುವಾಗ ಈ ವ್ಯತ್ಯಾಸ ಗೊತ್ತಾಗುವುದಿಲ್ಲ. ಮೇಜಿನ ಮುಂದೆ ಎರಡಡಿ ದೂರದಲ್ಲಿ ಕೂತಾಗ ಪ್ರತಿ ಅಕ್ಷರದ ಅಂಚೂ ಮೆಟ್ಟಿಲು ಮೆಟ್ಟಿಲಾಗಿ ಕಾಣುತ್ತದೆ. ಕೋಡ್‌ನ ಸಾಲುಗಳೂ ಪರದೆಯಲ್ಲಿ ಕಡಿಮೆ ಹಿಡಿಸುತ್ತವೆ. ಕಂಪ್ಯೂಟರ್‌ನಲ್ಲಿ 1920×1080 ಅಂತ ಆಯ್ಕೆ ಬಂದರೂ ನಂಬಬೇಡಿ. ಟಿವಿ ಅದನ್ನು ತೆಗೆದುಕೊಂಡು ತನ್ನಲ್ಲಿರುವಷ್ಟೇ ಚುಕ್ಕಿಗೆ ಕುಗ್ಗಿಸಿ ಹಾಕುತ್ತದೆ, ಅಕ್ಷರ ಇನ್ನೂ ಮಸುಕಾಗುತ್ತದೆ.

ಈಗ ಹಾಕುವ ವಿಧಾನ. ಲ್ಯಾಪ್‌ಟಾಪ್‌ನಿಂದ ಟಿವಿಗೆ ಒಂದು ಎಚ್‌ಡಿಎಂಐ ಕೇಬಲ್ ಸಾಕು, ಚಿತ್ರ, ಸದ್ದು ಎರಡೂ ಅದರಲ್ಲೇ ಹೋಗುತ್ತವೆ. ಲ್ಯಾಪ್‌ಟಾಪ್‌ನಲ್ಲಿ ಬರೀ ಟೈಪ್ ಸಿ ಇದ್ದರೆ ಕನ್ವರ್ಟರ್ ತರುವ ಮೊದಲು ನನಗೆ ಮಾಡೆಲ್ ಹೇಳಿ. ಎಲ್ಲ ಟೈಪ್ ಸಿ ಕಿಂಡಿಯಿಂದಲೂ ಚಿತ್ರ ಹೊರಗೆ ಬರುವುದಿಲ್ಲ, ಸುಮ್ನೆ ದುಡ್ಡು ದಂಡ. ಕೇಬಲ್ ಹಾಕಿದ ಮೇಲೆ ವಿಂಡೋಸ್ ಕೀ ಒತ್ತಿ ಹಿಡಿದು ಪಿ ಒತ್ತಲಿ, ಸೆಕೆಂಡ್ ಸ್ಕ್ರೀನ್ ಓನ್ಲಿ ಅಂತ ಆರಿಸಲಿ. ಆಗ ಒಡೆದ ಸ್ಕ್ರೀನಿನ ಗೊಡವೆಯೇ ಇರುವುದಿಲ್ಲ. ಸದ್ದು ಬರದಿದ್ದರೆ ಕೆಳಗೆ ಬಲಗಡೆ ಸ್ಪೀಕರ್ ಗುರುತು ಒತ್ತಿ ಟಿವಿಯ ಹೆಸರು ಆರಿಸಬೇಕು, ಅಷ್ಟೇ.

ಇಷ್ಟು ಮಾಡಿದ ಮೇಲೆ ಕೆಳಗಿನ ಪಟ್ಟಿ ಅರ್ಧ ಕಾಣಿಸುವುದಿಲ್ಲ, ಟಿವಿ ಹಾಳಾಗಿದೆ ಅಂತ ಫೋನ್ ಬರುತ್ತದೆ, ನೋಡಿ! ಹಾಳಾಗಿರುವುದಿಲ್ಲ. ಹಿಂದೆ ಡಬ್ಬಿ ಟಿವಿ ಕಾಲದಲ್ಲಿ ಚಿತ್ರದ ಅಂಚು ಸರಿಯಾಗಿ ನಿಲ್ಲುತ್ತಿರಲಿಲ್ಲ, ಅದಕ್ಕೆ ಅಂಚನ್ನು ಸ್ವಲ್ಪ ಪರದೆಯಿಂದ ಆಚೆಗೆ ತಳ್ಳಿ ತೋರಿಸುತ್ತಿದ್ದರು. ಆ ಪದ್ಧತಿ ಈ ಚಪ್ಪಟೆ ಟಿವಿಗೂ ಬಂದಿದೆ, ಓವರ್‌ಸ್ಕ್ಯಾನ್ ಅನ್ನುತ್ತಾರೆ. ರಿಮೋಟ್ ತಗೊಂಡು ಪಿಕ್ಚರ್ ಸೈಜ್‌ಗೆ ಹೋಗಿ. ಎಲ್‌ಜಿ ಆದರೆ ಜಸ್ಟ್ ಸ್ಕ್ಯಾನ್, ಸ್ಯಾಮ್‌ಸಂಗ್ ಆದರೆ ಸ್ಕ್ರೀನ್ ಫಿಟ್, ಸೋನಿ ಆದರೆ ಫುಲ್ ಪಿಕ್ಸೆಲ್ ಅಂತ ಏನಾದರೂ ಇರುತ್ತದೆ. ಅದನ್ನು ಆರಿಸಿದರೆ ಅಂಚುಗಳು ವಾಪಸ್ ಬರುತ್ತವೆ, ಅಕ್ಷರವೂ ಸ್ವಲ್ಪ ನೆಟ್ಟಗಾಗುತ್ತದೆ.

ಪುಟ್ಟಿ, ನೀನೂ ಕೇಳಿಸಿಕೊಳ್ತಿದ್ದರೆ ಇದು ನಿನಗೆ. ನೀವು ಕೋಡ್ ಬರೆಯುವಾಗ ಕಪ್ಪು ಹಿನ್ನೆಲೆ ಮೇಲೆ ಕೆಂಪು, ನೀಲಿ ಅಕ್ಷರ ಇಟ್ಟುಕೊಳ್ಳುತ್ತೀರಿ ಅಲ್ವಾ? ಟಿವಿಯಲ್ಲಿ ಮೊದಲು ಕೆಡುವುದೇ ಅದು. ಸಿನಿಮಾಗೆ ಬಣ್ಣದ ವಿವರ ಅಷ್ಟು ಬೇಡ ಅಂತ ಎಷ್ಟೋ ಟಿವಿಗಳು ಅಕ್ಕಪಕ್ಕದ ಚುಕ್ಕಿಗಳಿಗೆ ಒಂದೇ ಬಣ್ಣ ಹಂಚಿಬಿಡುತ್ತವೆ. ಮುಖ, ಮರ, ಆಕಾಶಕ್ಕೆ ಏನೂ ಆಗುವುದಿಲ್ಲ, ಸಣ್ಣ ಕೆಂಪು ಅಕ್ಷರ ಮಾತ್ರ ಕಲಸಿದ ಹಾಗೆ ಆಗುತ್ತದೆ. ಸ್ಯಾಮ್‌ಸಂಗ್, ಎಲ್‌ಜಿಯ ಬಹಳ ಮಾಡೆಲ್‌ಗಳಲ್ಲಿ ಆ ಎಚ್‌ಡಿಎಂಐ ಇನ್‌ಪುಟ್‌ನ ಹೆಸರನ್ನು ಪಿಸಿ ಅಂತ ಬದಲಾಯಿಸಿದರೆ ಈ ಹಂಚಿಕೆ ನಿಲ್ಲುತ್ತದೆ. ಬರೀ ಹೆಸರು ಬದಲಾಯಿಸುವುದು ಅಂತ ಬಿಟ್ಟುಬಿಡಬೇಡ, ನಿಜವಾಗಲೂ ಕೆಲಸ ಮಾಡುತ್ತದೆ. ಆಮೇಲೆ ಶಾರ್ಪ್‌ನೆಸ್ ಕಡಿಮೆ ಮಾಡುತ್ತಾ ಬಾ, ಅಕ್ಷರದ ಸುತ್ತ ಬಿಳಿ ಗೆರೆ ಮಾಯ ಆಗುವವರೆಗೆ. ಚಿತ್ರವನ್ನು ನಯ ಮಾಡುವ ಮೋಷನ್ ಸೆಟ್ಟಿಂಗ್ ಏನಿದೆಯೋ ಅದನ್ನು ಆಫ್ ಮಾಡು. ಟಿವಿ ಪ್ರತಿ ಚಿತ್ರವನ್ನೂ ತಿದ್ದಿ ತೋರಿಸುವುದಕ್ಕೆ ಸಮಯ ತಗೊಳ್ಳುತ್ತದೆ, ಅದಕ್ಕೇ ಮೌಸ್ ಹಿಂದೆ ಬಿದ್ದ ಹಾಗೆ ಅನಿಸುವುದು. ಗೇಮ್ ಮೋಡ್ ಇದ್ದರೆ ಹಾಕಿಕೋ, ಆಟಕ್ಕಲ್ಲದಿದ್ದರೂ ಪರವಾಗಿಲ್ಲ.

ಚಿಕ್ಕಪ್ಪ ಟಿವಿ ಹತ್ತಿರ ಕೂತರೆ ಕಣ್ಣು ಹಾಳಾಗುತ್ತದೆ ಅಂತ ಬರೆದಿದ್ದಾರೆ. ಚಿಕ್ಕಪ್ಪ, ಟಿವಿ ಆಗಿರುವುದರಿಂದ ಕಣ್ಣಿಗೆ ಬೇರೆ ತೊಂದರೆ ಏನಿಲ್ಲ. ಆದರೆ ನಿಮ್ಮ ಮಾತಿನಲ್ಲಿ ಅರ್ಥ ಇದೆ. ಟಿವಿಯ ಬೆಳಕು ಹಾಲ್‌ನ ಹಗಲಿಗೆ ಅಂತ ಇಟ್ಟಿರುವುದು, ಹತ್ತಿರ ಕೂತವರಿಗೆ ತುಂಬಾ ಜಾಸ್ತಿ. ವಿವಿಡ್ ಮೋಡ್ ತೆಗೆದು ಬ್ಯಾಕ್‌ಲೈಟ್ ಚೆನ್ನಾಗಿ ಇಳಿಸಬೇಕು. ಮಸುಕು ಅಕ್ಷರ ದಿಟ್ಟಿಸಿ ನೋಡಿ ನೋಡಿಯೇ ತಲೆನೋವು ಬರುವುದು. ಇಪ್ಪತ್ತು ನಿಮಿಷಕ್ಕೊಮ್ಮೆ ಇಪ್ಪತ್ತು ಅಡಿ ದೂರದ ಏನನ್ನಾದರೂ ಇಪ್ಪತ್ತು ಸೆಕೆಂಡ್ ನೋಡು ಅಂತ ಕಣ್ಣಿನ ಡಾಕ್ಟರ್‌ಗಳು ಹೇಳುತ್ತಾರಲ್ಲ, ಅದು ಪುಟ್ಟಿಗೆ ಈಗ ಬೇಕೇ ಬೇಕು. ಗೋಡೆಗೆ ಹೊಡೆದ ಟಿವಿಯನ್ನು ತಲೆ ಎತ್ತಿ ನೋಡುತ್ತಾ ಓದುವುದಂತೂ ಬೇಡ, ಕತ್ತು ಹಿಡಿಯುತ್ತದೆ. ಇಳಿಸಿ ಮೇಜಿನ ಮೇಲೆ ಇಡಿ, ಪರದೆಯ ಮೇಲಂಚು ಅವಳ ಕಣ್ಣಿನ ಮಟ್ಟಕ್ಕಿಂತ ಮೇಲೆ ಹೋಗಬಾರದು.

ಹಾಲ್‌ನ ಹೊಸ 43 ಇಂಚಿನ 4ಕೆ ಟಿವಿ ಬಗ್ಗೆಯೂ ಅಣ್ಣ ಕೇಳಿದ್ದ. ಅದು ಬೇರೆ ಜಾತಿ. ಇಂಚಿಗೆ 102 ಚುಕ್ಕಿ, ಒಳ್ಳೆ ಮಾನಿಟರ್‌ನಷ್ಟೇ ಚೆನ್ನ. ಆದರೆ ಲ್ಯಾಪ್‌ಟಾಪ್‌ನ ಎಚ್‌ಡಿಎಂಐ ಹಳೆಯ 1.4 ವರ್ಷನ್ ಆಗಿದ್ದರೆ 4ಕೆಯಲ್ಲಿ ಸೆಕೆಂಡಿಗೆ 30 ಚಿತ್ರ ಮಾತ್ರ ಹೋಗುತ್ತದೆ, ಮೌಸ್ ಎಳೆದಾಡುತ್ತದೆ. 2.0 ಇದ್ದರೆ 60. ಅದೂ ಅಲ್ಲದೆ ಸಂಜೆ ಆ ಟಿವಿ ಎಲ್ಲರಿಗೂ ಬೇಕು, ಅವಳ ಕ್ಲಾಸ್ ಇರುವುದೂ ಸಂಜೆಯೇ.

ಹಾಗಾಗಿ ನನ್ನ ಮಾತು ಕೇಳುವುದಾದರೆ ಈ ತಿಂಗಳು ಹಳೆಯ ಟಿವಿಯಲ್ಲಿ ಕ್ಲಾಸ್ ತಪ್ಪದ ಹಾಗೆ ನೋಡಿಕೊಳ್ಳಿ. ಆಮೇಲೆ ಲ್ಯಾಪ್‌ಟಾಪ್ ಸ್ಕ್ರೀನ್ ಹಾಕಿಸುವುದಕ್ಕೆ ಎಷ್ಟು ಕೇಳುತ್ತಾರೆ, 24 ಇಂಚಿನ ಫುಲ್ ಎಚ್‌ಡಿ ಮಾನಿಟರ್‌ಗೆ ಎಷ್ಟಾಗುತ್ತದೆ, ಎರಡನ್ನೂ ಪಕ್ಕಪಕ್ಕ ಇಟ್ಟು ನೋಡೋಣ. ಅವಳು ಲ್ಯಾಪ್‌ಟಾಪ್ ಕಾಲೇಜಿಗೆ ಒಯ್ಯಲೇಬೇಕು ಅಂದರೆ ಸ್ಕ್ರೀನ್ ಹಾಕಿಸಿ. ಮನೆಯಲ್ಲೇ ಇರುತ್ತದೆ ಅಂದರೆ ಕಣ್ಣು ಮುಚ್ಚಿಕೊಂಡು ಮಾನಿಟರ್ ತನ್ನಿ.

ಆ ಟಿವಿಯನ್ನು ಮಾತ್ರ ಗುಜರಿಗೆ ಹಾಕಬೇಡಿ. ಅಪ್ಪನಿಗೆ ಪೇಪರ್‌ನ ಸಣ್ಣಕ್ಷರ ಕಾಣುತ್ತಿಲ್ಲ ಅಂತ ಅವತ್ತು ಅಂದಿರಲ್ಲ. ಇ-ಪೇಪರ್ ಅದರಲ್ಲಿ ತೆರೆದು ಅಕ್ಷರ ದೊಡ್ಡದು ಮಾಡಿಕೊಟ್ಟರೆ ಕುರ್ಚಿಯಲ್ಲಿ ಕೂತೇ ಓದುತ್ತಾರೆ, ಅಷ್ಟು ದೂರಕ್ಕೆ ಆ ಚುಕ್ಕಿ ಸಾಕು. ಟಿವಿಯ ಹಿಂದೆ ಮಾಡೆಲ್ ನಂಬರ್ ಚೀಟಿ ಇರುತ್ತದೆ, ಅದರದ್ದೂ ಲ್ಯಾಪ್‌ಟಾಪ್‌ನ ಎರಡು ಪಕ್ಕದ ಕಿಂಡಿಗಳದ್ದೂ ಫೋಟೋ ತೆಗೆದು ಇಲ್ಲೇ ಹಾಕಿ. ಯಾವ ಕೇಬಲ್ ತರಬೇಕು ಅಂತ ನೋಡಿ ಹೇಳುತ್ತೇನೆ.